ಅತ್ತೆ ಅಲೆಯ ಮೇಲೆ ನಿಂತದ್ದು

ಅತ್ತೆಯ ಪಾದಗಳು ಅವರ ಸಣ್ಣ ಮೈಗೆ ಒಪ್ಪದಷ್ಟು ದೊಡ್ಡವು. ಬೆರಳುಗಳು ಬೀಸಣಿಗೆಯಂತೆ ಅಗಲಿಸಿಕೊಂಡಿದ್ದವು. ಹೆಬ್ಬೆರಳಂತೂ ಉಳಿದವುಗಳ ಜೊತೆ ಮಾತು ಬಿಟ್ಟಂತೆ ದೂರ ನಿಂತಿತ್ತು. ಮದ್ರಾಸಿನ ಪುರಸೈವಾಕ್ಕಂನ ಯಾವ ಅಂಗಡಿಯಲ್ಲೂ ಹೆಂಗಸರ ಚಪ್ಪಲಿ ಅವರ ಕಾಲಿಗೆ ಆಗುತ್ತಿರಲಿಲ್ಲ. ನೇರವಾಗಿ ಗಂಡಸರ ಚಪ್ಪಲಿಯತ್ತ ನಡೆದು, "ಎನಕ್ಕುದಾನ್‌ಪ್ಪಾ, ನನಗೇ" ಎಂದು ಹೇಳಿ, ಅಂಗಡಿಯವನಿಗಿಂತ ಮೊದಲು ತಾವೇ ನಗುತ್ತಿದ್ದರು.

ಅವರು ಅಪ್ಪನ ಅಕ್ಕ. ಮದುವೆಯಾಗಲಿಲ್ಲ, ನಮ್ಮ ಜೊತೆಯೇ ಇದ್ದರು. ತಾಂಬರಂ ಕಡೆಯ ಒಂದು ವಿಮಾ ಕಚೇರಿಯಲ್ಲಿ ಕೆಲಸ. ದಿನವೂ ಎಲೆಕ್ಟ್ರಿಕ್ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. ಕಂಬಿಯನ್ನೂ ಹಿಡಿಯದೆ, ಎರಡೂ ಕೈಯಲ್ಲಿ ವಾರಪತ್ರಿಕೆ ಹಿಡಿದು ಓದುತ್ತ ನಿಲ್ಲುತ್ತಿದ್ದರು. ರೈಲು ಜಗ್ಗಿದಾಗ ಪಕ್ಕದವರು ಇವರ ಮೇಲೆ ಬೀಳುತ್ತಿದ್ದರೇ ಹೊರತು ಇವರು ಯಾರ ಮೇಲೂ ಬಿದ್ದದ್ದಿಲ್ಲ. "ಕೈಗೆ ಕೆಲಸ ಕೊಟ್ರೆ ಕಾಲು ಸೋಮಾರಿ ಆಗತ್ತೆ ಕಣೇ" ಎನ್ನುತ್ತಿದ್ದರು.

ನಾನು ಓದಿದ್ದು ತಮಿಳು, ಇಂಗ್ಲಿಷು. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದೆ. ಅತ್ತೆ ಕಾಫಿ ಲೋಟವನ್ನು ತಮ್ಮ ಹತ್ತಿರವೇ ಇಟ್ಟುಕೊಂಡು, "ಇದು ಕನ್ನಡ ಕಾಫಿ. ಕನ್ನಡದಲ್ಲಿ ಕೇಳು" ಎನ್ನುತ್ತಿದ್ದರು. ಅಕ್ಷರಗಳನ್ನು ಕಲಿಸಿದ್ದೂ ಅವರೇ. ಈ ಸಾಲುಗಳನ್ನು ಬರೆಯುತ್ತಿರುವುದು ಅವರು ಕೊಟ್ಟ ಕನ್ನಡದಲ್ಲಿ.

ಇಷ್ಟು ವರ್ಷ ಮದ್ರಾಸಿನಲ್ಲಿದ್ದರೂ ನಮ್ಮ ಮನೆಯಲ್ಲಿ ಯಾರಿಗೂ ಈಜು ಬರುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಅಮಾವಾಸ್ಯೆ, ಹುಣ್ಣಿಮೆಯಂಥ ಪರ್ವದಿನಗಳಲ್ಲದೆ ಸಮುದ್ರವನ್ನು ಮುಟ್ಟಬಾರದು ಎಂಬುದು ಮನೆಯ ಕಟ್ಟುನಿಟ್ಟು. ಆ ದಿನ ಎಲ್ಲರೂ ಕೈ ಕೈ ಹಿಡಿದು ದಡದಲ್ಲಿ ನಿಂತು, ಬಂದ ಅಲೆಗೆ ತಲೆಯೊಡ್ಡಿ, ಸಂಕಲ್ಪ ಹೇಳಿ ಹಿಂದಿರುಗುವುದು. ಉಳಿದ ದಿನ ಮರಳಿನಲ್ಲಿ ಕೂತು ನೋಡಿದರೆ ಮುಗಿಯಿತು.

ಎರಡು ಸಾವಿರದ ಇಸವಿ ಕಳೆದ ಮೇಲೆ ಒಂದು ಅಮಾವಾಸ್ಯೆಗೆ ವ್ಯಾನು ಮಾಡಿಕೊಂಡು ಊರಿನ ದಕ್ಷಿಣಕ್ಕಿರುವ ಮೀನುಗಾರರ ಹಳ್ಳಿಯೊಂದಕ್ಕೆ ಹೋಗಿದ್ದೆವು. ಅಲ್ಲಿ ಬೆಸ್ತರವರೊಬ್ಬರು ಅಲೆಯ ಮೇಲೆ ಹಲಗೆ ಹಾಕಿ ನಿಂತು ಜಾರುತ್ತ ಬರುವುದನ್ನು ಅತ್ತೆ ಕಂಡರು. ಬಾಯಿಗೆ ಹೋಗುತ್ತಿದ್ದ ಪುಳಿಯೋಗರೆ ಕೈಯಲ್ಲೇ ಉಳಿಯಿತು.

"ನಿಂತಿದಾನಲ್ಲೋ! ಏನೂ ಹಿಡ್ಕೊಂಡಿಲ್ಲ!"

ಅಪ್ಪ ನಕ್ಕರು. "ಅದು ತಾಂಬರಂ ರೈಲಲ್ಲ ಅಕ್ಕ."

"ಅದಕ್ಕಿಂತ ಸುಲಭ. ಇಲ್ಲಿ ನೂಕೋರಿಲ್ಲ."

ಕಲಿಯಬೇಕೆಂದು ಅಂದೇ ತೀರ್ಮಾನಿಸಿದರು. ಆದರೆ ಸಮುದ್ರಕ್ಕೆ ಇಳಿಯಬೇಕಾದರೆ ಮತ್ತೆ ಪರ್ವದಿನವೇ ಆಗಬೇಕಲ್ಲ. ಮುಂದಿನ ಅಮಾವಾಸ್ಯೆಗೆ ಮತ್ತೆ ವ್ಯಾನು ಬಂತು. ಅಪ್ಪ ತರ್ಪಣ ಕೊಟ್ಟು, ಎಲ್ಲರ ಸ್ನಾನ ಮುಗಿದ ಮೇಲೆ ಅತ್ತೆ ನನ್ನ ಹಳೆಯ ಚೂಡಿದಾರ ಹಾಕಿಕೊಂಡು ವ್ಯಾನಿನ ಹಿಂದಿನಿಂದ ಹೊರಬಂದರು. ಸೀರೆ ಬಿಟ್ಟು ಬೇರೇನೂ ಉಟ್ಟವರಲ್ಲ.

"ಅಕ್ಕಾ, ಕಾಲೇಜಿಗೆ ಹೊರಟ ಹಾಗಿದೀರಿ" ಎಂದಳು ಅಮ್ಮ.

"ಸೇರಿಸ್ಕೊಂಡ್ರೆ ಇವತ್ತೇ ಹೋದೆ."

ಹಲಗೆಯವರು ಸಮುದ್ರವನ್ನು ನೋಡಿ ತಲೆಯಾಡಿಸಿದರು. "ಅಮ್ಮಾ, ಇನ್ನಿಕ್ಕಿ ಅಮಾವಾಸೈ. ಇಳುಪ್ಪು ಜಾಸ್ತಿ. ನಾಳೈಕ್ಕಿ ವಾಂಗ." ಇವತ್ತು ನೀರಿನ ಸೆಳೆತ ಹೆಚ್ಚು, ನಾಳೆ ಬನ್ನಿ ಎಂದರ್ಥ. ಅತ್ತೆ ಒಪ್ಪಲಿಲ್ಲ. ನಾಳೆ ಪಾಡ್ಯ, ಸಮುದ್ರ ಮುಟ್ಟುವಂತಿಲ್ಲ. ಹಲಗೆಯವರಿಗೋ ಅಮಾವಾಸ್ಯೆಯೆಂದೇ ಬಿಡುವು, ಅವರ ಊರಿನವರು ಆ ದಿನ ಬಲೆ ಹಾಕುವುದಿಲ್ಲ. ನಾಳೆಯೊಂದು ದಿನ ಬಿಡುವು ಮಾಡಿಕೊಂಡರೂ ಉಳಿದ ದಿನ ಅವರು ಸಿಗುವವರಲ್ಲ, ಅತ್ತೆ ಇಳಿಯುವವರಲ್ಲ. "ಸೊಂಟದ ನೀರಿನಾಚೆ ಬರಲ್ಲಪ್ಪಾ, ಸತ್ಯ" ಎಂದರು ಅತ್ತೆ. ಅವರು ಒಪ್ಪಿಕೊಂಡರು.

ಹಲಗೆಯ ಹಗ್ಗವನ್ನು ಅತ್ತೆಯ ಕಾಲಿಗೆ ಕಟ್ಟಿ, ಬೋರಲು ಮಲಗಿಸಿ, ನೊರೆ ಬಂದಾಗ ಹಿಂದಿನಿಂದ ತಳ್ಳಿದರು. ಮೊದಲ ಸಲ ಅತ್ತೆ ಮಲಗಿಯೇ ದಡಕ್ಕೆ ಬಂದು, "ಪರವಾಯಿಲ್ಲೆ, ಸ್ಲೀಪರ್ ಕೋಚು" ಎಂದರು. ಆಮೇಲೆ ಮೊಣಕಾಲೂರಿದರು. ಬಿದ್ದರು. ಉಪ್ಪುನೀರು ಉಗಿದು ಮತ್ತೆ ಹತ್ತಿದರು. ನನ್ನ ತಮ್ಮನೂ ಅಲ್ಲೇ ಪಕ್ಕದಲ್ಲಿ ನೀರಾಡುತ್ತಿದ್ದ. ನಾನು ಅತ್ತೆಯ ಕನ್ನಡಕ ಹಿಡಿದು ದಡದಲ್ಲಿದ್ದೆ.

ಆಗ ಅವರು ನಿಂತರು. ಮೊಣಕಾಲು ಬಾಗಿಸಿ, ಕೈಗಳನ್ನು ಅಗಲಿಸಿ, ಆ ದೊಡ್ಡ ಪಾದಗಳು ಹಲಗೆಯನ್ನು ಕಚ್ಚಿ ಹಿಡಿದಿದ್ದವು. ಬಾಯಿ ತೆರೆದಿತ್ತು, ಕೂಗಿದರೋ ನಕ್ಕರೋ ಕೇಳಿಸಲಿಲ್ಲ. ಅಪ್ಪ ಬೆನ್ನು ಮಾಡಿ ಪಂಚೆ ಹಿಂಡುತ್ತಿದ್ದರು, ಅಮ್ಮ ಡಬ್ಬಿ ಕಟ್ಟುತ್ತಿದ್ದಳು. ನೋಡಿದವಳು ನಾನೊಬ್ಬಳೇ.

ಮರುಕ್ಷಣ ಬಿದ್ದರು. ಅದೇ ಅಲೆಗೆ ತಮ್ಮನೂ ಉರುಳಿದ. ಹಲಗೆಯವರು ಅವನನ್ನು ಎತ್ತಲು ಆ ಕಡೆ ಧಾವಿಸಿದರು. ಅವನನ್ನು ದಡಕ್ಕೆ ತಂದು ಬಿಟ್ಟು ತಿರುಗುವಷ್ಟರಲ್ಲಿ ಅತ್ತೆ ಇದ್ದಲ್ಲಿ ಇರಲಿಲ್ಲ. ಅಲೆ ಒಡೆಯುವ ಜಾಗದಾಚೆ, ನೀರು ನಯವಾಗಿ ಕಾಣುವ ಒಂದು ಪಟ್ಟೆಯಲ್ಲಿ, ಹಲಗೆಯನ್ನು ತಬ್ಬಿಕೊಂಡು ದೂರ ಹೋಗುತ್ತಿದ್ದರು. ಯಾರೋ ಹಗ್ಗ ಕಟ್ಟಿ ಎಳೆಯುತ್ತಿದ್ದಂತೆ ಹೋಗುತ್ತಿದ್ದರು. ಒಂದು ಕೈ ಮೇಲೆತ್ತಿದರು.

ಅಮ್ಮ ಸಂತೋಷದಿಂದ ತಾನೂ ಕೈ ಬೀಸಿದಳು.

ಇದನ್ನು ನಾನು ಈಗಲೂ ಹೆಜ್ಜೆಹೆಜ್ಜೆಯಾಗಿ ಕಾಣುತ್ತೇನೆ. ಅಪ್ಪ ನೀರಿಗೆ ನುಗ್ಗಿ, ಎದೆಗೆ ಅಲೆ ಬಡಿದು ಹಿಂದಕ್ಕೆ ಬಿದ್ದು, ಮತ್ತೆ ನುಗ್ಗಿ, "ಅಕ್ಕಾ, ಅಕ್ಕಾ" ಎಂದು ಕೂಗಿದ್ದು. ಅಮ್ಮನ ಕೈ ಗಾಳಿಯಲ್ಲೇ ನಿಂತದ್ದು. ಹಲಗೆಯವರು ಈಜುತ್ತ ಹೋದದ್ದು. ಆಮೇಲೆ ಇಬ್ಬರ ತಲೆಯೂ ಕಾಣದೆ ಹೋದದ್ದು. ನಾನು ಏನು ಮಾಡಿದೆ? ಕನ್ನಡಕದ ಗಾಜನ್ನು ದುಪಟ್ಟಾದಿಂದ ಒರೆಸುತ್ತಿದ್ದೆ. ಅದು ಶುಭ್ರವಾಗಿಯೇ ಇತ್ತು. ಒರೆಸುವುದನ್ನು ನಿಲ್ಲಿಸಲಾಗಲಿಲ್ಲ.

ಬಹಳ ದೂರದಲ್ಲಿ, ದೋಣಿಗಳನ್ನು ಎಳೆದು ನಿಲ್ಲಿಸಿದ್ದಲ್ಲಿ, ಅವರಿಬ್ಬರೂ ದಡ ಸೇರಿದರು. ನಾವು ಓಡಿದೆವು. ಅತ್ತೆ ಮರಳಿನಲ್ಲಿ ಮಗ್ಗುಲಾಗಿ ಮಲಗಿ ನೀರು ಕಾರುತ್ತಿದ್ದರು, ತುಟಿ ನೀಲಿಯಾಗಿತ್ತು. ಅಪ್ಪ ಅವರ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಲೇ ಇದ್ದರು. ಅತ್ತೆ ಕಣ್ಣು ಬಿಟ್ಟು ನನ್ನನ್ನು ಹುಡುಕಿದರು.

"ನಿಂತಿದ್ದೆ. ನೋಡಿದ್ಯೇನೇ?"

"ನೋಡಿದೆ ಅತ್ತೆ."

ಆ ದಿನದ ವಿಷಯವನ್ನು ಮನೆಯಲ್ಲಿ ಎತ್ತಕೂಡದೆಂದು ಅಪ್ಪ ಹೇಳಿಬಿಟ್ಟರು. ಆದರೆ ಅತ್ತೆ ನಾನೊಬ್ಬಳೇ ಸಿಕ್ಕಾಗ, ಸೊಪ್ಪು ಬಿಡಿಸುತ್ತಲೋ ಜಡೆ ಹಾಕುತ್ತಲೋ, "ಹೇಗೆ ನಿಂತಿದ್ದೆ, ಹೇಳೇ" ಎಂದು ಕೇಳುತ್ತಿದ್ದರು. ಹೇಳತೊಡಗಿದರೆ ನನ್ನ ಮಾತು ತಾನಾಗಿ ಮುಂದಕ್ಕೆ, ಆ ನಯವಾದ ನೀರಿನ ಕಡೆಗೆ ಜಾರುತ್ತಿತ್ತು. ಅತ್ತೆ "ಸಾಕು, ಅಷ್ಟಕ್ಕೆ ನಿಲ್ಸು" ಎನ್ನುತ್ತಿದ್ದರು. ಅವರ ಪಾಲಿಗೆ ಆ ದಿನ ಮುಗಿಯುತ್ತಿದ್ದ ಕಡೆಯಲ್ಲೇ ನನ್ನ ಪಾಲಿಗೆ ಶುರುವಾಗುತ್ತಿತ್ತು. ಇದನ್ನು ಅವರಿಗೆ ತಿಳಿಸುವ ಮಾತು ನನಗೆ ಕೊನೆಗೂ ಸಿಗಲಿಲ್ಲ.

ನಿವೃತ್ತಿಯಾದ ಕೆಲವು ವರ್ಷಕ್ಕೆ ಒಂದು ಮಧ್ಯಾಹ್ನ, ಊಟ ಮಾಡಿ ಮಲಗಿದವರು ಏಳಲಿಲ್ಲ. ಅಸ್ಥಿ ಬಿಡಲು ಹೆಂಗಸರು ಹೋಗುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಅಪ್ಪ "ನೀನೂ ಬಾ" ಎಂದರು. ಕೆಲಸ ಮುಗಿದು ಪುರೋಹಿತರು ದಡಕ್ಕೆ ಹೋದರು. ಅಪ್ಪ ಒದ್ದೆ ಪಂಚೆಯಲ್ಲಿ, ಮೊಣಕಾಲುದ್ದ ನೀರಿನಲ್ಲಿ ಸಮುದ್ರಕ್ಕೆ ಮುಖ ಮಾಡಿ ನಿಂತೇ ಇದ್ದರು.

"ಅಕ್ಕ ಅವತ್ತು ನಿಂತಿದ್ದಳಂತಲ್ಲ, ನಿಜವೇನೇ?"

"ನಿಜ ಅಪ್ಪ."

"ಹೇಗಿದ್ದಳು?"

ಹೇಳಿದೆ. ಬಾಗಿದ ಮೊಣಕಾಲು, ಅಗಲಿಸಿದ ಕೈ, ತೆರೆದ ಬಾಯಿ. ಅಷ್ಟಕ್ಕೆ ನಿಲ್ಲಿಸಿದೆ. ಅಪ್ಪ ಮುಂದಿನದನ್ನು ಕೇಳಲಿಲ್ಲ. ಅದನ್ನು ಅವರೂ ನೋಡಿದ್ದರು.