ಮದುವೆ ಛತ್ರದಲ್ಲಿ ಕೊಕ್ಕರೆಗಳು

ನನ್ನ ಮೊಮ್ಮಗಳು ಕುಣಿಯುವುದನ್ನು ಕಲಿಯಲಿಲ್ಲ. ನನ್ನನ್ನು ಬಿಟ್ಟು ನಿಲ್ಲುವುದನ್ನು ಕಲಿತಳು. ಅದನ್ನು ಕಲಿಸಿದವರು ಬ್ಯಾಲೆ ಟೀಚರು, ಕೆಡಿಸಲು ಹೋದವಳು ನಾನು. ನಡೆದದ್ದು ಇಷ್ಟೇ. ನೆಂಟರೆಲ್ಲ ಮಗುವಿಗೆ ತಾನಾಗಿಯೇ ಬುದ್ಧಿ ಬಂತು ಎನ್ನುತ್ತಾರೆ. ಅವರ್ಯಾರೂ ಅಲ್ಲಿರಲಿಲ್ಲ, ನಾನಿದ್ದೆ.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿತ್ತು. ನನ್ನೂರು ಹಾಸನದ ಹತ್ತಿರದ ಮೊಸಳೆ ಎಂಬ ಹಳ್ಳಿ. ಮಗಳು ಹಾಸನದಲ್ಲಿ ನರ್ಸ್, ಅಳಿಯ ಅರಕಲಗೂಡಿನಲ್ಲಿ ಮೇಷ್ಟ್ರು. ಬೆಳಗ್ಗೆ ಬಸ್ಸು ಹತ್ತಿದರೆ ಅವರು ಬರುವುದು ಸಂಜೆಗೇ. ಕೂಸಿಗೆ ಮೂರು ತಿಂಗಳಿದ್ದಾಗ ನಾನು ಹಾಸನಕ್ಕೆ ಬಂದು ಸೇರಿಕೊಂಡೆ. ಐದು ವರ್ಷ ಆ ಹುಡುಗಿ ನನ್ನ ಸೊಂಟದ ಮೇಲೇ ಬೆಳೆದಳು. ಕೆಳಗಿಳಿಸಿದರೆ ಸೆರಗು ಹಿಡಿಯುತ್ತಿದ್ದಳು. ನಾನು ಬಚ್ಚಲಿಗೆ ಹೋದರೂ ಸೆರಗಿನ ತುದಿ ಬಾಗಿಲಾಚೆ ಅವಳ ಕೈಯಲ್ಲಿರಬೇಕು. ಆಗ ನನಗೆ ಅದೊಂದು ಹೆಮ್ಮೆ. ಸುಳ್ಳು ಯಾಕೆ ಹೇಳಲಿ.

ಆ ಹೆಮ್ಮೆ ಇಳಿದದ್ದು ಅವಳನ್ನು ಶಾಲೆಗೆ ಹಾಕಿದಾಗ. ಮೊದಲ ದಿನ ವಾಂತಿಯಾಗುವ ತನಕ ಅತ್ತಳು. ಎರಡನೇ ದಿನ ಆಯಾಳ ಕೈ ಕಚ್ಚಿದಳು. ಹತ್ತನೇ ದಿನ ಶಾಲೆಯ ದೊಡ್ಡ ಮೇಡಂ ನಮ್ಮನ್ನು ಕರೆಸಿ, "ಮುಂದಿನ ಜೂನ್‌ಗೆ ಕರ್ಕೊಂಡು ಬನ್ನಿ. ಆಗ್ಲೂ ಹಿಂಗೇ ಆದ್ರೆ ನಮ್ಮ ಕೈಲಾಗಲ್ಲ" ಎಂದು ಕಳಿಸಿಬಿಟ್ಟರು. ಅವತ್ತಿಡೀ ಮಗಳು ನನ್ನ ಮುಖ ನೋಡಲಿಲ್ಲ. ಆಮೇಲೆ ಜೂನ್ ಎಂಬ ಮಾತು ಬಂದರೆ ಮನೆಯಲ್ಲಿ ದೊಡ್ಡವರು ಮೂವರಿಗೂ ಅನ್ನ ಇಳಿಯುತ್ತಿರಲಿಲ್ಲ.

ಬ್ಯಾಲೆ ಕ್ಲಾಸಿನ ಸುದ್ದಿ ತಂದದ್ದು ಮಗಳ ಜೊತೆಯ ಇನ್ನೊಬ್ಬ ನರ್ಸು. ಊರಿಗೆ ಹೊಸದಾಗಿ ಬಂದ ಎಂಜಿನಿಯರೊಬ್ಬರ ಹೆಂಡತಿ, ಬೊಂಬಾಯಿಯಲ್ಲಿ ಬೆಳೆದವರು, ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾರಂತೆ. ಪಕ್ಕದ ಮನೆಯವಳು ಕೇಳಿದಳು:

"ಬ್ಯಾಲೆ ಅಂದ್ರೇನಮ್ಮ? ಭರತನಾಟ್ಯವಾ?"

"ಗೆಜ್ಜೆ ಇಲ್ವಂತೆ ಕಣೆ. ಸದ್ದಿಲ್ದಂಗೆ ಕುಣಿಯಾದಂತೆ."

"ಸದ್ದಿಲ್ದೆ ಕುಣಿದ್ರೆ ಯಾರಿಗ್ ಗೊತ್ತಾಯ್ತದೆ?"

ನನಗೂ ಅದೇ ಅನುಮಾನ. ಆದರೂ ಮಕ್ಕಳ ನಡುವೆ ಸ್ವಲ್ಪ ಕೂತಾದರೂ ಬರಲಿ ಎಂದು ಕರೆದುಕೊಂಡು ಹೋದೆ.

ಕ್ಲಾಸು ನಡೆಯುತ್ತಿದ್ದುದು ಒಂದು ಮದುವೆ ಛತ್ರದ ಊಟದ ಹಾಲಿನಲ್ಲಿ, ಮಂಗಳವಾರ ಮತ್ತು ಶನಿವಾರ. ಆ ಎರಡು ದಿನ ನಮ್ಮ ಕಡೆ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ, ಛತ್ರ ಖಾಲಿ ಸಿಗುತ್ತದೆ. ಆದರೆ ಹಿಂದಿನ ದಿನದ ತುಪ್ಪ, ಎಣ್ಣೆ ಎಲ್ಲ ನೆಲದ ಮೇಲಿರುತ್ತಿತ್ತು. ಮೊದಲ ದಿನವೇ ಎರಡು ಮಕ್ಕಳು ಜಾರಿ ಬಿದ್ದವು. ಸೀಗೆಪುಡಿ ಹಾಕಿ ಉಜ್ಜಿಸಿ ಎಂದು ಹೇಳಿದವಳು ನಾನು. ಆ ಕ್ಲಾಸಿಗೆ ನಾನು ಬುದ್ಧಿವಂತಿಕೆಯಿಂದ ಮಾಡಿದ ಉಪಕಾರ ಅದೊಂದೇ.

ಟೀಚರು ಸಣ್ಣ ಮೈಯವರು, ಬೆನ್ನು ನೇರ. ಅವರ ಹತ್ತಿರ ಇದ್ದದ್ದು ನಾಲ್ಕರಿಂದ ಆರು ವರ್ಷದೊಳಗಿನ ಹನ್ನೆರಡು ಮಕ್ಕಳು. ಟೀವಿಯಲ್ಲಿ ಬ್ಯಾಲೆ ನೋಡಿದ್ದ ಒಬ್ಬ ತಾಯಿ, "ಮೇಡಂ, ಕಾಲ್ಬೆರಳ ತುದೀಲಿ ನಿಲ್ಲಿಸೋದು ಯಾವಾಗ?" ಎಂದು ಕೇಳಿದಳು.

"ಇನ್ನೂ ಆರೇಳು ವರ್ಷ ಬೇಡ. ಮೂಳೆ ಎಳೇದು" ಎಂದರು ಟೀಚರು.

ತಾಯಿ ಮೂತಿ ತಿರುವಿದಳು. ನನಗೆ ಆ ಮಾತು ಹಿಡಿಸಿತು. ಎಳೇ ಕರುವಿನ ಹೆಗಲಿಗೆ ನೊಗ ಇಡುವವರನ್ನು ನಾನು ನಮ್ಮೂರಲ್ಲಿ ಕಂಡಿಲ್ಲ.

ಅವರು ಕಾಲು ಹೀಗಿಡು ಕೈ ಹಾಗಿಡು ಎನ್ನುತ್ತಿರಲಿಲ್ಲ. ನೀವೆಲ್ಲ ಒಲೆ ಮೇಲಿನ ಹಾಲು ಎನ್ನುತ್ತಿದ್ದರು. ಮಕ್ಕಳು ಮಂಡಿ ಬಗ್ಗಿಸಿ ಕೂತು, ಮೆಲ್ಲಗೆ ಏಳುತ್ತಾ ಏಳುತ್ತಾ ಉಕ್ಕುತ್ತಿದ್ದವು. ಬೆಕ್ಕಿನ ಹಾಗೆ ಇಳಿಯಿರಿ, ಇಲಿಗೆ ಕೇಳಬಾರದು ಎಂದರೆ ಹನ್ನೆರಡು ಮಕ್ಕಳು ಜಿಗಿದರೂ ಸದ್ದಿರುತ್ತಿರಲಿಲ್ಲ. ಬೇರೆ ತಾಯಂದಿರನ್ನು ಬಾಗಿಲಾಚೆ ಕೂರಿಸಿದವರು ನನ್ನನ್ನು ಮಾತ್ರ ಗೋಡೆ ಬದಿ ಒಳಗೇ ಬಿಟ್ಟರು. "ಅವಳು ನಿಮ್ಮ ತೊಡೆ ಮೇಲೇ ಇರಲಿ ಅಜ್ಜಿ. ಕುಣಿಯಲೇಬೇಕು ಅಂತ ಇಲ್ಲ."

ಮೂರು ವಾರ ಹಾಗೇ ಕೂತಳು. ನಾಲ್ಕನೇ ವಾರ ಮಕ್ಕಳೆಲ್ಲ ಕೆರೆಯ ಕೊಕ್ಕರೆಗಳಾಗಿ ಒಂಟಿಕಾಲಲ್ಲಿ ನಿಂತಾಗ, ಇವಳೂ ತೊಡೆಯಿಂದ ಜಾರಿ, ಸೆರಗು ಹಿಡಿದೇ ಒಂದು ಕಾಲೆತ್ತಿದಳು. ಟೀಚರು ನೋಡಿಯೂ ನೋಡದ ಹಾಗೆ ಇದ್ದರು. ನಾನು ಹಾಗಿರಲಿಲ್ಲ. ಎದೆ ಉಬ್ಬಿಹೋಯಿತು. ಇದನ್ನು ಗಟ್ಟಿ ಮಾಡಿಬಿಡಬೇಕು ಅನ್ನಿಸಿತು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನಗೆ ಗೊತ್ತಿರುವುದೆಲ್ಲ ಬಾಯಿಪಾಠದಿಂದ ಬಂದದ್ದು. ನಮ್ಮ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳು ದೇವರ ಮುಂದೆ ನಿಂತು ವಾರ, ತಿಥಿ, ನಕ್ಷತ್ರ, ಮಗ್ಗಿ ಹೇಳಬೇಕು. ಒಂದು ತಪ್ಪಿದರೆ ಮೊದಲಿಂದ. ನಾನು ತಿಥಿ ಮುಗಿದ ಮೇಲೆ ಕೊಕ್ಕರೆಯನ್ನು ಸೇರಿಸಿದೆ. ಬಲಗಾಲು ಎತ್ತು, ಒಂದರಿಂದ ಇಪ್ಪತ್ತು. ಎಡಗಾಲು ಎತ್ತು, ಒಂದರಿಂದ ಇಪ್ಪತ್ತು. ಅಲುಗಾಡಿದರೆ ಮತ್ತೆ ಒಂದರಿಂದ. ಹೊಡೆಯಲಿಲ್ಲ, ಕೈಯಲ್ಲಿ ಅಡಿಕೋಲು ಇತ್ತು ಅಷ್ಟೇ. ಒಂದು ವಾರದಲ್ಲಿ ಕಂಬದ ಹಾಗೆ ನಿಲ್ಲುತ್ತಿದ್ದಳು.

ಮುಂದಿನ ಮಂಗಳವಾರ ಟೀಚರು, "ಇವತ್ತು ಕೆರೆ ತುಂಬಿಬಿಟ್ಟಿದೆ. ಕೊಕ್ಕರೆಗೆ ಕಾಲಿಡೋಕೆ ಜಾಗ ಇಲ್ಲ. ಎಲ್ಲಿಗೆ ಹೋಗುತ್ತೆ?" ಎಂದರು. ಒಂದು ಮಗು ಮರಕ್ಕೆ ಹಾರಿತು, ಇನ್ನೊಂದು ಎಮ್ಮೆ ಬೆನ್ನು ಹತ್ತಿತು, ಎಲ್ಲವೂ ಚೆದುರಿದವು. ನನ್ನ ಮೊಮ್ಮಗಳನ್ನು ನಾನು ಸೆರಗು ಬಿಡಿಸಿ ನಡುವೆ ನಿಲ್ಲಿಸಿ ಬಂದಿದ್ದೆ. ಅವಳು ಬಲಗಾಲೆತ್ತಿ ಜೋರಾಗಿ ಎಣಿಸಲು ಶುರು ಮಾಡಿದಳು. ಬಾಗಿಲಲ್ಲಿ ಒಬ್ಬಳು, "ನೋಡ್ರೇ, ಕೊಕ್ಕರೆ ಮಗ್ಗಿ ಹೇಳ್ತೈತೆ" ಎಂದು ನಕ್ಕಳು. ಮಕ್ಕಳೂ ನಕ್ಕವು. ಹದಿಮೂರಕ್ಕೆ ಕಾಲು ನಡುಗಿತು. ಅವಳು ನನ್ನ ಕಡೆ ನೋಡಿ ಮತ್ತೆ ಒಂದರಿಂದ ಶುರು ಮಾಡಿದಳು. ನಾಲ್ಕಕ್ಕೆ ಬರುವಷ್ಟರಲ್ಲಿ ಫ್ರಾಕು ಒದ್ದೆಯಾಗಿತ್ತು.

ಅಲ್ಲಿಂದ ಎರಡು ವಾರ ಛತ್ರದ ಬೀದಿಗೆ ಹೊರಳಿದರೆ ಸಾಕು, ಕಿರುಚುತ್ತಿದ್ದಳು. ಮಲಗುವಾಗ ಸೆರಗನ್ನು ಮುಂಗೈಗೆ ಸುತ್ತಿಕೊಳ್ಳಲು ಶುರು ಮಾಡಿದಳು. ಜೂನ್‌ಗೆ ಐದೇ ತಿಂಗಳಿತ್ತು. ಮಗಳು ಒಂದೇ ಮಾತು ಕೇಳಿದಳು: "ಏನ್ ಮಾಡ್ದೆ ಅವ್ವ ಮಗೀಗೆ?"

ಒಂದು ಶನಿವಾರ ಕಿರುಚಾಟದ ನಡುವೆಯೇ ಮಗುವನ್ನು ಸೊಂಟದ ಮೇಲೆ ಹೊತ್ತು, ಕ್ಲಾಸಿಗೆ ಮುಂಚೆ ಟೀಚರ ಹತ್ತಿರ ಹೋದೆ.

"ತಪ್ಪು ನಂದು ಕಣಮ್ಮ. ದಿನಾ ದೀಪದ ಮುಂದೆ ನಿಲ್ಲಿಸಿ ಬಾಯಿಪಾಠ ಮಾಡ್ಸಿದೆ."

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಮನೆಗೆ ಬರುತ್ತಿದ್ದೆ. ಅವರು ಕೇಳಿದ್ದು ಬೇರೆ.

"ಅಜ್ಜಿ, ನಾನು ಕೊಕ್ಕರೆ ನೋಡಿರೋದು ಪುಸ್ತಕದಲ್ಲಿ. ನೀವು ಕೆರೇಲಿ ನೋಡಿದೀರಾ?"

"ನೋಡದೇ ಏನು. ಬಟ್ಟೆ ಒಗೀತಿದ್ದಿದ್ದೇ ಅಲ್ಲಿ."

"ಅದು ಎಷ್ಟು ಹೊತ್ತು ಕಾಲೆತ್ತಿಕೊಂಡು ನಿಲ್ಲುತ್ತೆ?"

"ಅಂಗೆಲ್ಲ ಲೆಕ್ಕ ಇಟ್ಕಂಡ್ ನಿಲ್ಲಲ್ಲ ಕಣಮ್ಮ. ಮೀನು ಬರಾಗಂಟ."

ಹೇಳಿದ ಮೇಲೆ ನನಗೇ ನಾಚಿಕೆಯಾಯಿತು. ಟೀಚರು ಸ್ವಲ್ಪ ಯೋಚಿಸಿ, "ಹಾಗಾದರೆ ಇವತ್ತು ನೀವೇ ಮೀನು" ಎಂದರು.

ಐವತ್ತೆಂಟು ವರ್ಷ, ಮಂಡಿ ನೋವು ಬೇರೆ. ಆದರೂ ಊಟದ ಹಾಲಿನೊಳಗೆ ಸುತ್ತ ಸೆರಗು ಆಡಿಸುತ್ತಾ ನಡೆದೆ. ಬಾಗಿಲಲ್ಲಿ ಮತ್ತೆ ಅದೇ ಹೆಂಗಸು, "ಅಜ್ಜಿ ಮೀನಾಗವ್ರೆ" ಎಂದಳು.

"ನೀನೂ ಬಾರವ್ವ ಒಳಕ್ಕೆ. ತಿಮಿಂಗಿಲದ ಜಾಗ ಖಾಲಿ ಐತೆ" ಎಂದೆ.

ಮೊಮ್ಮಗಳು ಕಿರುಚುವುದು ಬಿಟ್ಟು, ಸೆರಗು ಹಿಡಿದು ಮೊದಲ ಸುತ್ತು ನನ್ನ ಹಿಂದೆಯೇ ಬಂದಳು. ಟೀಚರು ಅವಳ ಎತ್ತರಕ್ಕೆ ಕೂತು, "ಕೊಕ್ಕರೆ ಮೀನಿನ ಜೊತೆಗೇ ಓಡಾಡಿದರೆ ಮೀನಿಗೆ ಗೊತ್ತಾಗಲ್ವಾ?" ಎಂದು ಪಿಸುಗುಟ್ಟಿದರು. ಹುಡುಗಿ ಯೋಚಿಸಿದಳು. ಸೆರಗು ಬಿಟ್ಟಳು. ಕಂಬದ ಪಕ್ಕ ಹೋಗಿ ಕಾಲೆತ್ತಿ ನಿಂತಳು. ನಾನು ಆಚೆ ಗೋಡೆಯ ತನಕ ಹೋಗಿ ತಿರುಗಿ ಬರುವವರೆಗೂ ನಿಂತೇ ಇದ್ದಳು. ಬಂದ ಮೇಲೆ ಸೊಂಟಕ್ಕೆ ಹಾರಿ, "ಹಿಡ್ದೆ" ಎಂದಳು.

ಅಲ್ಲಿಂದ ಪ್ರತಿ ವಾರ ಮೀನು ಸ್ವಲ್ಪ ಸ್ವಲ್ಪ ದೂರ ಹೋಯಿತು. ಬಾಗಿಲ ತನಕ, ಬಾಗಿಲಾಚೆ, ಮೆಟ್ಟಿಲ ಕೆಳಗೆ, ಕೊನೆಗೆ ಛತ್ರದ ಗೇಟಿನ ತನಕ. ಟೀಚರು ಬೇಕೆಂದೇ ಹಾಗೆ ಮಾಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಬೇಸಿಗೆಯಲ್ಲಿ. ಅಷ್ಟು ಹೊತ್ತಿಗೆ ಕೊಕ್ಕರೆಗೆ ಮೀನಿನ ಗ್ಯಾನವೇ ಇರಲಿಲ್ಲ, ಒಳಗೆ ಬೇರೆ ಮಕ್ಕಳ ಜೊತೆ ಹಾಲಾಗಿ ಉಕ್ಕುತ್ತಿತ್ತು. ನಾನು ಗೇಟಿನಲ್ಲಿ ಒಬ್ಬಳೇ ನಿಂತಿರುತ್ತಿದ್ದೆ. ಸ್ವಲ್ಪ ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚು ಹಗುರವಾಯಿತು.

ಎರಡು ವರ್ಷಕ್ಕೆ ಟೀಚರ ಯಜಮಾನರಿಗೆ ವರ್ಗವಾಗಿ ಅವರು ಊರು ಬಿಟ್ಟರು. ಹೊರಡುವ ದಿನ ಅವರಿಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟೆ, ನಿಮ್ಮಿಂದ ಉಪಕಾರವಾಯಿತು ಎಂದೆ. ಅದಕ್ಕಿಂತ ದೊಡ್ಡ ಮಾತು ನನಗೆ ಬರುವುದಿಲ್ಲ. ಈಗಲೂ ದೀಪ ಹಚ್ಚಿ ಕೈ ಮುಗಿಯುವಾಗ ಅವರನ್ನೂ ನೆನೆಯುತ್ತೇನೆ. ಆ ವಯಸ್ಸಿನ ಮಗುವಿನ ಕೈಲಿ ಎಷ್ಟಾಗುತ್ತದೋ ಅಷ್ಟನ್ನೇ ಕೇಳಿದವರು ನಾನು ಕಂಡಂತೆ ಅವರೊಬ್ಬರೇ.

ಈಗ ಆ ವರ್ಷದ ಜೂನ್ ಮಾತಿಗೆ ಮರಳುತ್ತೇನೆ. ಶಾಲೆಯ ಗೇಟಿನಲ್ಲಿ ಹುಡುಗಿ, "ನೀನ್ ಎಲ್ಲಿರ್ತೀಯ ಅಜ್ಜಿ?" ಎಂದಳು. "ಮನೇಲಿ" ಎಂದೆ. ಒಳಗೆ ಹೋದಳು. ನಾನು ಮನೆಗೆ ಹೋಗಲಿಲ್ಲ, ಎದುರಿನ ಪೆಟ್ಟಿಗೆ ಅಂಗಡಿಯ ಕಲ್ಲಿನ ಮೇಲೆ ಮೂರೂವರೆ ತನಕ ಕೂತಿದ್ದೆ. ಬೆಲ್ ಹೊಡೆದು ಹೊರಗೆ ಬಂದಾಗ ಕೇಳಿದೆ:

"ಅಳಲಿಲ್ವಾ?"

"ಊಟಕ್ ಬಿಟ್ಟಾಗ ಅತ್ತೆ. ಆಮೇಲೆ ಬೇಜಾರಾಯ್ತು, ನಿಲ್ಲಿಸ್ಬಿಟ್ಟೆ."

ಮಾರನೆಯ ಬೆಳಗ್ಗೆ ಅವಳನ್ನು ಗೇಟಿನಲ್ಲಿ ಬಿಟ್ಟು ನೇರವಾಗಿ ಬಸ್‌ಸ್ಟ್ಯಾಂಡಿಗೆ ನಡೆದೆ. ಹೊಳೆನರಸೀಪುರದಲ್ಲಿ ನನ್ನ ತಂಗಿ ಕಾಲು ಮುರಿದುಕೊಂಡು ಎರಡು ತಿಂಗಳಿಂದ ಮಲಗಿದ್ದಳು, ಮಗುವನ್ನು ಬಿಟ್ಟು ನೋಡಲು ಹೋಗಲಾಗಿರಲಿಲ್ಲ. ಈಗ ಮೂರೂವರೆ ತನಕ ಹೊತ್ತಿತ್ತು. ಹೋದ ತಕ್ಷಣ ನೀರು ಕಾಯಿಸಿ ಅವಳ ತಲೆಗೆ ಎಣ್ಣೆ ಹಾಕಿದೆ.