ಇನ್ನೊಬ್ಬ ಖಾಸಿಂಸಾಬ್ ಇಲ್ಲ

ಖಾಸಿಂ, ಆ ಕಾಗದವನ್ನು ನಾನು ನಿನಗೆ ಸುಳ್ಳು ಓದಿದೆ. ಬ್ಯಾಂಕಿನವರು ಕೊಟ್ಟ ಆ ಕ್ರೆಡಿಟ್ ರಿಪೋರ್ಟು — ನಾಲ್ಕು ಹಾಳೆ, ಎಲ್ಲ ಇಂಗ್ಲಿಷು — ಅದರಲ್ಲಿ ನಿನ್ನ ಹೆಸರಿಗೆ ಅಂಟಿಕೊಂಡಿದ್ದ ಕೆಟ್ಟ ಸಾಲ ಬೇರೆ ಯಾರದೂ ಅಲ್ಲ. ನನ್ನದು. ಆ ಟಿಪ್ಪರಿನದು. ಮೂವತ್ತು ವರ್ಷ ಸಿರುಗುಪ್ಪದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವನು ನಾನು. ಒಂದೊಂದು ಪದವೂ ಅರ್ಥವಾಗಿತ್ತು.

ಗಣಿಯ ಆ ವರ್ಷಗಳು ನಿನಗೂ ನೆನಪಿವೆ. ಬಳ್ಳಾರಿಯಲ್ಲಿ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗುತ್ತಿತ್ತು. ಅದಿರು ಹೊರುವ ಟಿಪ್ಪರ್ ಒಂದಿದ್ದರೆ ಕೂತು ಉಣ್ಣಬಹುದು ಎಂದು ಡಾಕ್ಟರು, ವಕೀಲರು, ಕೊನೆಗೆ ನಮ್ಮ ಶಾಲೆಯ ಮಾಸ್ತರರೂ ಲೆಕ್ಕ ಹಾಕುತ್ತಿದ್ದರು. ನಾನು ಸರ್ಕಾರಿ ನೌಕರ. ನನ್ನ ಹೆಸರಲ್ಲಿ ಗಾಡಿ ತೆಗೆದರೆ ಇಲಾಖೆ ಕೇಳುತ್ತದೆ. ಆಗ ಎಲ್ಲರೂ ಮಾಡುತ್ತಿದ್ದುದೂ ಅದೇ — ಗಾಡಿ ಒಬ್ಬರದು, ಹೆಸರು ಇನ್ನೊಬ್ಬರದು. ಹಾಗಾಗಿ ನೇರ ಬಳ್ಳಾರಿಯ ಕೌಲ್ ಬಜಾರಿಗೆ ಬಂದೆ. ನೀನು ಯಾರದೋ ಮಷೀನಿನ ಮುಂದೆ ಕೂತು ಜೀನ್ಸ್ ಪ್ಯಾಂಟಿಗೆ ಜೇಬು ಹಚ್ಚುತ್ತಿದ್ದೆ. ಕುರುಗೋಡಿನ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಪಕ್ಕಪಕ್ಕ ಕೂತವರು ನಾವು. ಆಮೇಲೆ ನಾನು ಓದಿದೆ, ನೀನು ಹೊಲಿದೆ.

"ನಿನ್ನ ಹೆಸರ್ಲೆ ಒಂದು ಸಾಲ ತೆಗಿಬೇಕಲೇ," ಎಂದೆ.

"ಎಲ್ಲಿ ಸಹಿ ಹಾಕ್ಬೇಕು ಹೇಳಲೇ ಮಾಸ್ತರ, ಈ ಜೇಬು ಹಚ್ಚಿ ಬರ್ತೀನಿ," ಎಂದೆ ನೀನು. ಎಷ್ಟು ಸಾಲ ಎಂದೂ ಕೇಳಲಿಲ್ಲ.

ಗಾಡಿಯ ಹಣೆಯ ಮೇಲೆ ನಾನು 'ಶ್ರೀ ವೆಂಕಟೇಶ್ವರ ಪ್ರಸನ್ನ' ಎಂದು ಬರೆಸಿದೆ. ಬಾಗಿಲ ಮೇಲೆ 'ಮಾಲೀಕರು: ಖಾಸಿಂಸಾಬ್'. ಓಣಿಯವರೆಲ್ಲ ನಕ್ಕರು, ಎಲ್ಲರಿಗಿಂತ ಜೋರಾಗಿ ನೀನೇ ನಕ್ಕೆ. "ದೇವ್ರು ನಿಂದು, ಡೀಸೆಲ್ ನಿಂದು, ಬಾಕ್ಲ ಅಷ್ಟ ನಂದು!"

ಗಾಡಿ ಓಡಿತು. ಅದರ ದುಡ್ಡಿನಲ್ಲಿ ನಾನು ಸಿರುಗುಪ್ಪದಲ್ಲಿ ಮನೆಯ ಮೇಲೆ ಮನೆ ಕಟ್ಟಿಸಿದೆ. ನಿನಗೆ ಹಬ್ಬಕ್ಕೊಂದು ಪೊಟ್ಟಣ ಪೇಡೆ. ಆಮೇಲೆ ಒಂದು ದಿನ ಗಣಿ ನಿಂತಿತು, ಟಿಪ್ಪರುಗಳು ರಸ್ತೆಯ ಬದಿಗೆ ತುಕ್ಕು ಹಿಡಿಯುತ್ತಾ ನಿಂತವು. ನಾನು ಕಂತು ಕಟ್ಟುವುದನ್ನು ಬಿಟ್ಟೆ. ಕಟ್ಟಲು ಆಗುತ್ತಿರಲಿಲ್ಲ ಎಂದು ಬರೆಯಲು ಹೊರಟಿದ್ದೆ — ಇಲ್ಲ, ಆಗುತ್ತಿತ್ತು. ಸಂಬಳವಿತ್ತು, ಮೇಲಿನ ಮನೆಯ ಬಾಡಿಗೆ ಬರುತ್ತಿತ್ತು. ಎಲ್ಲರೂ ಬಿಟ್ಟಿದ್ದಾರೆ, ನಾನೊಬ್ಬ ಯಾಕೆ ಕಟ್ಟಲಿ ಎನಿಸಿತು, ಅಷ್ಟೇ.

ಬ್ಯಾಂಕಿನವರು ಗಾಡಿ ಎಳೆದುಕೊಂಡು ಹೋಗಿ ಹರಾಜು ಹಾಕಿದರು. ಅದರಿಂದ ಸಾಲ ತೀರಲಿಲ್ಲ. ಉಳಿದದ್ದರಲ್ಲಿ ಅರ್ಧ ಒಂದೇ ಸಲಕ್ಕೆ ಕಟ್ಟಿದರೆ ಮಿಕ್ಕಿದ್ದು ಬಿಡುತ್ತೇವೆ ಎಂದರು. ಕಟ್ಟಿದೆ, ಗೆದ್ದೆ ಎಂದುಕೊಂಡೆ. ಆಮೇಲೆ ಪತ್ರ ಬಂತು — ಸಾಲದ ಅರ್ಜಿಯಲ್ಲಿ ನಿನ್ನ ವಿಳಾಸವೆಂದು ನನ್ನ ಮನೆಯದನ್ನೇ ಕೊಟ್ಟಿದ್ದೆನಲ್ಲ. ಸಾಲ ಪೂರ್ತಿ ತೀರಿಲ್ಲ, ರಾಜಿಯಲ್ಲಿ ಮುಗಿದಿದೆ, ಇದು ಸಾಲಗಾರರ ದಾಖಲೆಯಲ್ಲಿ ಉಳಿಯುತ್ತದೆ ಎಂದು ಅದರಲ್ಲಿತ್ತು. ಸಾಲಗಾರ ಎಂದರೆ ನೀನು. ಪತ್ರ ಮಡಚಿ ಹಳೇ ಪಂಚಾಂಗದೊಳಗೆ ಇಟ್ಟು ನಿನಗೆ ಫೋನ್ ಮಾಡಿದೆ: "ಗಾಡಿ ಲೆಕ್ಕ ಚುಕ್ತಾ ಆತಲೇ." ನೀನು ಹೇಳಿದೆ, "ಪುಣ್ಯಾ ಬಂತು, ನಿನ್ನ ತಲಿನೋವು ಹೋತಲ್ಲ."

ನಿನಗೆ ಇದ್ದದ್ದು ಒಂದೇ ಆಸೆ. ಸ್ವಂತದ್ದು ಆರು ಮಷೀನು, ಮೇಲೊಂದು ತಗಡಿನ ಶೆಡ್ಡು. ಮೂರು ಬ್ಯಾಂಕು ಸಾಲ ಇಲ್ಲವೆಂದವು. ಮೂರನೆಯವರು ಕೈಗೆ ಆ ರಿಪೋರ್ಟು ಕೊಟ್ಟು ಕಳಿಸಿದರು. ನೀನು ಅದನ್ನು ಹಿಡಿದು ನನ್ನ ಮನೆಗೇ ಬಂದೆ — ಓದಿದವನೆಂದು, ನಿನ್ನವನೆಂದು.

"ಇದ್ರಾಗ ಏನೈತಿ, ಓದಿ ಹೇಳಲೇ."

ಆಗ ಒಂದು ಗಳಿಗೆ — ಒಂದೇ ಗಳಿಗೆ — ಹೇಳಿಬಿಡಬಹುದಿತ್ತು.

"ಇನ್ಯಾರದೋ ಸಾಲ ನಿನ್ನ ಹೆಸರಿಗೆ ಬಿದ್ದೈತಿ. ಖಾಸಿಂಸಾಬ್ ಅನ್ನೋರು ಈ ಜಿಲ್ಲಾದಾಗ ಒಬ್ರ ಅದಾರೇನು?"

"ನಮ್ಮ ಗಾಡಿದಲ್ಲ ಹೌದಿಲ್ಲೋ?"

"ಅದು ಚುಕ್ತಾ ಆಗೇತಿ ಅಂತ ಅವತ್ತ ಹೇಳಿಲ್ಲೇನು?" ದನಿ ಏರಿಸಿದೆ. ಕಳ್ಳನಿಗೆ ಸಿಟ್ಟು ಬೇಗ ಬರುತ್ತದೆ. ನೀನು ಕಾಗದ ಮಡಚಿಕೊಂಡು, "ತಪ್ಪಾತಪ್ಪ," ಎಂದೆ. ನೀನು! ನನಗೆ!

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ನೀನು ಆ ಇನ್ನೊಬ್ಬ ಖಾಸಿಂಸಾಬನನ್ನು ಹುಡುಕಿಕೊಂಡು ಹೊರಡುತ್ತೀಯ ಎಂದು ಯಾರು ಕಂಡಿದ್ದರು? ಮೊದಲು ತೆಕ್ಕಲಕೋಟೆ. ಅಲ್ಲಿಂದ ಬಸ್ ಹತ್ತಿ ನನ್ನ ಮನೆಗೇ ಬಂದು ವರದಿ ಒಪ್ಪಿಸಿದೆ. "ಪಾಪ, ಅವ ಅಲ್ಲಲೇ. ಉಳ್ಳಾಗಡ್ಡಿ ಮಾರ್ತಾನ, ಸೈಕಲ್ಲೂ ಇಲ್ಲ ಅವನ ಹತ್ರ. ಚಾ ಕುಡಿಸಿ ಕಳಿಸಿದ." ಆಮೇಲೆ ಕೊಳಗಲ್ಲು. ಅಲ್ಲಿದ್ದವನು ತೀರಿಕೊಂಡು ವರ್ಷಗಳಾಗಿದ್ದವು. ಪ್ರತಿ ಸಲವೂ ಒಂದು ದಿನದ ಕೂಲಿ ಹೋಯಿತು, ಪ್ರತಿ ಸಲವೂ ನಾನು ಚಹ ಕೊಟ್ಟು, ತಲೆಯಾಡಿಸಿ, ಕೂತು ಕೇಳಿದೆ.

ಮೊನ್ನೆ ಮತ್ತೆ ನಿನ್ನ ಫೋನು ಬಂತು. ಕುಡತಿನಿಯಲ್ಲಿ ಒಬ್ಬನಿದ್ದಾನಂತೆ, ಹಿಂದೆ ಟಿಪ್ಪರೂ ಇತ್ತಂತೆ. "ಇವನ ಇರಬೇಕು. ಶುಕ್ರವಾರ ನಮಾಜ್ ಮುಗಿಸಿ ಹೋಗ್ತೀನಿ. ಸಿಟ್ಟು ಮಾಡಂಗಿಲ್ಲಲೇ ಅವನ ಮ್ಯಾಲೆ. ಅವನಿಗೂ ಆವಾಗ ಏನು ತ್ರಾಸಿತ್ತೋ ಏನೋ."

ಆ ಮಾತು ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಮೇಲಿನ ಮನೆಯ ಮೆಟ್ಟಿಲು ಹತ್ತುತ್ತೇನೆ, ಇಳಿಯುತ್ತೇನೆ, ಹತ್ತುತ್ತೇನೆ. ನಿನ್ನೆ ಬ್ಯಾಂಕಿಗೆ ಹೋಗಿ ಬಂದೆ. ಅಂದು ಅವರು ಬಿಟ್ಟುಕೊಟ್ಟ ಅರ್ಧವನ್ನು ಈಗ ಪೂರ್ತಿ ಕಟ್ಟಿದರೆ ಸಾಲ ತೀರಿತೆಂದು ದಾಖಲೆ ತಿದ್ದಲು ಬರೆಯುತ್ತಾರಂತೆ. ಆದರೆ ಎಲ್ಲ ಗುರುತೂ ಒಂದೇ ದಿನಕ್ಕೆ ಹೋಗುವುದಿಲ್ಲವಂತೆ, ಸಮಯ ಹಿಡಿಯುತ್ತದಂತೆ. ಸಮಯ! ನಿನಗೆ ಈಗಾಗಲೇ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುತ್ತಿಲ್ಲ. ಮೇಲಿನ ಮನೆ ಮಾರಲು ಹೇಳಿದ್ದೇನೆ. ಆ ಆರು ಮಷೀನುಗಳ ದುಡ್ಡೂ ಅದರಲ್ಲೇ ಬರಬೇಕು. ನಿನ್ನ ಹೋದ ವರ್ಷಗಳು ಅದರಲ್ಲಿ ಬರುವುದಿಲ್ಲ, ಗೊತ್ತು.

ನೀನು ಓದಲೆಂದೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಯಾರ ಕೈಯಲ್ಲೂ ಓದಿಸಬೇಕಾಗಿಲ್ಲ. ಶುಕ್ರವಾರ ಕುಡತಿನಿಗೆ ಹೋಗಬೇಡ. ನಾನೇ ಗುರುವಾರ ಕೌಲ್ ಬಜಾರಿಗೆ ಬರುತ್ತೇನೆ. ಆ ನಾಲ್ಕು ಹಾಳೆ ಹೊರಗೆ ತೆಗೆದಿಟ್ಟಿರು, ಈ ಸಲ ಇದ್ದದ್ದನ್ನು ಇದ್ದ ಹಾಗೇ ಓದುತ್ತೇನೆ. ಆ ಕುಡತಿನಿಯವನ ಮೇಲೆ ಸಿಟ್ಟು ಮಾಡುವುದಿಲ್ಲ ಎಂದೆಯಲ್ಲ — ಆ ಕ್ಷಮೆಯನ್ನು ನನಗೆ ಕೊಡಬೇಡ, ಖಾಸಿಂ.