ದೀಪ ಹಚ್ಚಿದ ಮೇಲೆ ಕೇಳಿದ ಹೆಪ್ಪು

ಪಕ್ಕದ ಮನೆ ಪಟ್ಟಲಮ್ಮನವರ ಮೇಲೆ ನನಗೊಂದು ಸಿಟ್ಟಿದೆ. ಮೂರು ವರ್ಷವಾದರೂ ಆರಿಲ್ಲ. ಅವರ ವಿಷಯ ಬರೆಯಬೇಕಾದರೆ ಮೊದಲು ಅದನ್ನೇ ಬರೆಯಬೇಕು. ಒಳ್ಳೆಯದು ಆಮೇಲೆ.

ನಾವು ಬಸರಾಳಿನ ಕಡೆಯವರು. ಮದ್ದೂರಿನ ಎಳನೀರು ಮಾರ್ಕೆಟ್ಟಿನಲ್ಲಿ ಲಾರಿಗೆ ಕಾಯಿ ತುಂಬಿಸುವ ಮೇಸ್ತ್ರಿ ಕೆಲಸ ನನ್ನದು. ಮದುವೆಯಾದದ್ದು ತಡ, ಹಾಗಾಗಿ ಈ ವಯಸ್ಸಿಗೂ ಮಕ್ಕಳು ಚಿಕ್ಕವು. ಮಗಳು ಚಂದನಳನ್ನು ಒಂದನೇ ಕ್ಲಾಸಿಗೆ ಸೇರಿಸುವ ವರ್ಷ, ಹೆಂಡತಿ ಕುಸುಮ ಹಟ ಹಿಡಿದು ಮದ್ದೂರಿನಲ್ಲೇ ಬಾಡಿಗೆ ಮನೆ ಹುಡುಕಿಸಿದಳು. ಅವ್ವನಿಗೆ ಇಷ್ಟವಿರಲಿಲ್ಲ. ಮಗ ಅಪ್ಪುಗೆ ಆಗ ಮೂರು ವರ್ಷ. ಅವ್ವ ಹೆಪ್ಪು ಹಾಕಿದ ಮೊಸರಿಲ್ಲದೆ ಅವನು ಊಟಕ್ಕೆ ಬಾಯಿ ಬಿಡುತ್ತಿರಲಿಲ್ಲ. ಮುದ್ದೆಗೂ ಮೊಸರು, ಅನ್ನಕ್ಕೂ ಮೊಸರು.

"ಮಗ ಉಣ್ದೆ ಸೊರಗುದ್ರೆ ಒಂದ್ ತಿಂಗ್ಳಿಗೇ ವಾಪಸ್ ಬಂದ್ಬುಡ್ಬೇಕು ಕಣ್ಲಾ ಕರಿಯಪ್ಪ," ಅಂದಳು ಅವ್ವ. ಆಗಲಿ ಅಂದೆ. ಕುಸುಮ ಪಾತ್ರೆ ಮೂಟೆ ಕಟ್ಟುತ್ತಲೇ ಇದ್ದಳು.

ಅವ್ವ ಒಂದು ಸ್ಟೀಲ್ ಡಬ್ಬಿಯಲ್ಲಿ ಹೆಪ್ಪಿನ ಮೊಸರು ಹಾಕಿ ಕೊಟ್ಟಿದ್ದಳು. ಲಗೇಜ್ ಆಟೋ ಯಾವುದೋ ರೋಡ್ ಹಂಪಿನ ಮೇಲೆ ಎಗರಿದಾಗ ಅದು ಹಾಸಿಗೆ ಸುರುಳಿಯ ಮೇಲೆ ಚೆಲ್ಲಿಹೋಯಿತು. ಮನೆ ಸೇರುವ ಹೊತ್ತಿಗೆ ಡಬ್ಬಿ ಖಾಲಿ, ಹಾಸಿಗೆಯೆಲ್ಲ ಹುಳಿ ವಾಸನೆ. ಅಂಗಡಿಯಿಂದ ಪಾಕೆಟ್ ಮೊಸರು ತಂದೆ. ಅಪ್ಪು ಉಗಿದು ಅಳುವುದಕ್ಕೆ ಶುರು ಮಾಡಿದ.

ಪಕ್ಕದ ಮನೆ ಮುಂದೆ ಎರಡು ಹಸು ಕಟ್ಟಿದ್ದರು. ಜಗಲಿ ಮೇಲೆ ಅರವತ್ತು ದಾಟಿದ ಒಬ್ಬ ಹೆಂಗಸು ಕಾಲು ಚಾಚಿ ಕೂತಿದ್ದರು. ಅವರೇ ಪಟ್ಟಲಮ್ಮ. ಬೀದಿಗೆಲ್ಲ ಅವರ ಮನೆ ಹಾಲೇ ಅಂತ ಆಗಲೇ ಕೇಳಿದ್ದೆ. ಲೋಟ ಹಿಡಿದು ಹೋದೆ.

"ಅಮ್ಮಾ, ಒಂದೀಟು ಎಪ್ಪು ಕೊಡಿ. ಮಗ ಅಳ್ತಾ ಅದೆ."

"ದೀಪ ಅಚ್ಚಾಯ್ತಲ್ಲಪ್ಪ. ಈಗ ಕೊಡಕಿಲ್ಲ."

"ಅಂಗಾದ್ರೆ ಕಾಸು ಇಸ್ಕಳಿ."

"ಕಾಸು ಕೊಟ್ರೆ ಒತ್ತು ಇಂದಕ್ಕೆ ಓಯ್ತದಾ? ಮನೇಲಿ ಮೆಣಸಿನಕಾಯಿ ಅದಾ ನೋಡು."

ನನಗೆ ತಲೆ ಕೆಟ್ಟಿತು. "ಮಗ ಮೊಸ್ರು ಕೇಳುದ್ರೆ ಮೆಣಸಿನಕಾಯಿ ತಿನ್ಸು ಅಂತೀರೇನಮ್ಮ? ಮನಸ್ರಾ ನೀವು?" ಅಂತ ಕೂಗಿದೆ. ಬೀದಿಯವರೆಲ್ಲ ಹೊರಗೆ ಬಂದರು. ಎದುರು ಮನೆ ಬೆಟ್ಟಮ್ಮ ಸೊಂಟದ ಮೇಲೆ ಕೈಯಿಟ್ಟು ಸಿನಿಮಾ ನೋಡುವ ಹಾಗೆ ನಿಂತಿದ್ದರು.

ಕುಸುಮ ಬಂದು ಒಳಗೆ ಎಳೆದುಕೊಂಡು ಹೋದಳು. ಹೆಪ್ಪಿಲ್ಲದಾಗ ಮೆಣಸಿನಕಾಯಿ ತೊಟ್ಟನ್ನು ಬೆಚ್ಚನೆ ಹಾಲಿಗೆ ಹಾಕಿದರೆ ಮೊಸರಾಗುತ್ತದಂತೆ. ಪಟ್ಟಲಮ್ಮ ಹೇಳಹೊರಟಿದ್ದು ಅದನ್ನು. ಇರಬಹುದು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಟ್ಟರೆ ಮನೆಯ ಲಕ್ಷ್ಮಿ ಆಚೆ ಹೋಗುತ್ತಾಳೆ ಅಂತ ನಮ್ಮ ಅವ್ವನೂ ಕೊಡುವುದಿಲ್ಲ. ಅದೆಲ್ಲ ನನಗೂ ಗೊತ್ತು. ಆದರೂ ಮಗು ಅಳುವಾಗ ಕೊಡಬಹುದಿತ್ತು. ಇವತ್ತಿಗೂ ನಾನು ಅದನ್ನೇ ಹೇಳುವುದು.

ಅಪ್ಪು ಉಣ್ಣದೆ ಮಲಗಿದ.

ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಪಟ್ಟಲಮ್ಮ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಹಾಲಿನ ಚೊಂಬು, ಇನ್ನೊಂದರಲ್ಲಿ ಹೆಪ್ಪಿನ ಲೋಟ.

"ಎಲ್ಲವ್ವ ನಿನ್ ಗಂಡ, ಆ ಜಗಳಗಂಟ? ಈಗ ಇಸ್ಕೊಳಕ್ಕೆ ಯೋಳು."

ನಾನು ತಿರುಗಿ ನೋಡಲಿಲ್ಲ. ಕುಸುಮ ಇಸಕೊಂಡಳು. ಹಾಲಿಗೆ ಬೆರಳು ಅದ್ದಿ ನೋಡಬೇಕು, ಬೆರಳು ಸುಡಬಾರದು, ತಣ್ಣಗೂ ಇರಬಾರದು ಅಂತ ಹೇಳಿಕೊಟ್ಟು ಹೋದರು. ಸಂಜೆಗೆ ಮೊಸರು ಗಟ್ಟಿಯಾಗಿ ಕೂತಿತ್ತು. ಕುಸುಮ ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟಳು. ಅಪ್ಪು ನುಂಗಿ, ಅಡಿಗೆಮನೆ ಕಡೆ ನೋಡಿ, "ಅಜ್ಜಿ ಬಂದವ್ಳಾ?" ಅಂದ. ತಟ್ಟೆ ಖಾಲಿಯಾಯಿತು. ತಿಂಗಳು ಕಳೆದ ಮೇಲೆ ಅವ್ವ ಬಂದಳು, ಮೊಮ್ಮಗನ ಕೆನ್ನೆ ಹಿಂಡಿ ನೋಡಿದಳು, ಸಂಜೆ ಬಸ್ಸಿಗೆ ಒಬ್ಬಳೇ ಹೊರಟಳು.

ಆ ಬೀದಿ ನಮ್ಮ ಮಕ್ಕಳಿಗೆ ಹಿಡಿಸಿತು. ಹಿಂದುಗಡೆ ರೈಲು ಹೋಗುತ್ತದೆ, ಅದಕ್ಕೆ ಕೈ ಬೀಸುವುದೇ ಒಂದು ಕೆಲಸ. ಭಾನುವಾರ ಶಿಂಷಾ ಹೊಳೆ ಕಡೆ ನಡೆದು ಹೋಗಿ, ಬರುವಾಗ ವಡೆ ಕಟ್ಟಿಸಿಕೊಂಡು ಬರುತ್ತೇವೆ. ಉಳಿದ ಹೊತ್ತೆಲ್ಲ ಎರಡೂ ಮಕ್ಕಳು ಪಟ್ಟಲಮ್ಮನವರ ಜಗಲಿಯಲ್ಲೇ. ಅಪ್ಪು ಅವರಿಗೆ ಮೊಸ್ರಜ್ಜಿ ಅಂತ ಹೆಸರಿಟ್ಟ.

ಅವರ ತವರು ಕೊಕ್ಕರೆ ಬೆಳ್ಳೂರು. ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವರು, ತೀರಿಕೊಂಡು ಬಹಳ ವರ್ಷವಾಯಿತು. ಹಸು ಸಾಕಿ ಜೀವನ. ಒಂದು ಸಲ ನಮ್ಮನ್ನೆಲ್ಲ ಬೆಳ್ಳೂರಿಗೆ ಕರೆದುಕೊಂಡು ಹೋದರು. ಹುಣಸೆ ಮರದ ತುಂಬ ಹಕ್ಕಿ, ಕೆಳಗೆಲ್ಲ ಹಿಕ್ಕೆ.

"ಇವೂ ನನ್ನಂಗೆ ಈ ಊರ ಎಣ್ಮಕ್ಳು ಕಣವ್ವ," ಅಂದರು ಚಂದನಳಿಗೆ. "ಬಾಣಂತನಕ್ಕೆ ತೌರಿಗೆ ಬತ್ತವೆ. ನಾನೊಬ್ಳು ಅದಕ್ಕೆ ಬರ್ನಿಲ್ಲ."

"ಯಾಕಜ್ಜಿ?"

"ನಂಗೆ ಮರ ಅತ್ತಕೆ ಬರಕಿಲ್ವಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕವು. ಕುಸುಮ ನಗಲಿಲ್ಲ.

ಕಳೆದ ಬೇಸಿಗೆಯಲ್ಲಿ ಎರಡು ಹಸುವೂ ಒಟ್ಟಿಗೆ ಗಬ್ಬವಾಗಿ ಹಾಲು ನಿಲ್ಲಿಸಿದವು. ಪಟ್ಟಲಮ್ಮನ ಮನೆಯಲ್ಲಿ ಮೊಸರು ನಿಂತು ಹೋಯಿತು, ಹೆಪ್ಪೂ ಹೋಯಿತು. ನಾವು ಪಾಕೆಟ್ ಹಾಲು ತಂದು ಹೆಪ್ಪು ಹಾಕುತ್ತಿದ್ದೆವು. ಒಂದು ಹಸು ಕರು ಹಾಕಿ, ಬೀದಿಗೆಲ್ಲ ಗಿಣ್ಣು ಹಂಚಿ ಮುಗಿದ ಮೇಲೆ ಅವರಿಗೆ ಹೆಪ್ಪು ಬೇಕಾಯಿತು. ನಾನು ಬೆಳಿಗ್ಗೆಯೇ, ಬಿಸಿಲು ಮುಖಕ್ಕೆ ಹೊಡೆಯುವ ಹಾಗಿರುವಾಗ, ಲೋಟ ಹಿಡಿದು ಹೋದೆ.

"ತಗಳಿ. ನಿಮ್ದೇ ಎಪ್ಪು. ಅವತ್ನಿಂದ ಒಂದಿನಾನೂ ತಪ್ಪಿಲ್ಲ, ಅದ್ರಿಂದ್ಲೇ ಮೊಸರಾಗ್ತಾ ಬಂದದೆ."

ಲೋಟದೊಳಗೆ ಇಣುಕಿ ನೋಡಿದರು. "ಚೆಂದಾಗದೆ. ನಂಗ್ ಬ್ಯಾಡ."

"ಯಾಕೆ?"

"ಇಸ್ಕಂಡ್ರೆ ತೀರೋಯ್ತದೆ."

"ತೀರ್ಲಿ. ಏನೀಗ?"

"ನಿನ್ ಕ್ವಾಪ ನಂಗೊತ್ತಿಲ್ವಾ? ಮನೆ ಓನರ್ ಜೊತೆ ಒಂದಿನ ಕಿತ್ತಾಡ್ಕಂಡು ಗಂಟು ಮೂಟೆ ಕಟ್ತೀಯ. ಆವತ್ತು ಈ ಮುದುಕಿ ಎಪ್ಪು ಕೊಡೋದು ಬಾಕಿ ಅದೆ ಅಂತಾನಾದ್ರೂ ಒಂದ್ಗಳಿಗೆ ನಿಂತ್ಕತೀಯ. ಉಳೀಲಿ ಬುಡು."

"ಮನೇಲಿರೋದ್ ಬುಟ್ಟು ಇನ್ನೆಲ್ಲಿ ತತ್ತೀರಿ?"

ಒಳಗಿಂದ ಖಾಲಿ ಲೋಟ ತಂದರು. ಸೆರಗು ಸರಿ ಮಾಡಿಕೊಂಡು ಬೀದಿ ದಾಟಿದರು. ಹಸುವಿನ ಸಗಣಿ ನೀರು ಎದುರು ಮನೆ ಬಾಗಿಲಿಗೆ ಹರಿದು ಜಗಳವಾದ ಮೇಲೆ ಬೆಟ್ಟಮ್ಮನ ಜೊತೆ ಅವರಿಗೆ ಮಾತೇ ಇರಲಿಲ್ಲ. ಹೋಗಿ ಅದೇ ಬಾಗಿಲು ತಟ್ಟಿದರು.

ಬೆಟ್ಟಮ್ಮನ ಮೊಸರು ಬರೀ ಹುಳಿ. ಪಟ್ಟಲಮ್ಮನ ಮನೆ ಮೊಸರೂ ಈಗ ಹುಳಿ. ಅಪ್ಪು ಮುಖ ಸೊಟ್ಟ ಮಾಡಿಕೊಂಡೇ ಅಲ್ಲಿ ಉಂಡು ಬರುತ್ತಾನೆ. ಓನರ್ ಜೊತೆ ಹೋದ ತಿಂಗಳು ನನಗೆ ಜೋರು ಜಗಳವಾಯಿತು. ಮನೆ ಇನ್ನೂ ಬಿಟ್ಟಿಲ್ಲ. ಹೆಪ್ಪು ಇನ್ನೂ ಕೊಟ್ಟಿಲ್ಲ.